ಎರಿ ಹೊಲ, ಮಡ್ಡಿ, ಹಳ್ಳ: ಆಟೊಮ್ಯಾಟಿಕ್ ಜಿಮ್ನಿಯ ಗೇರ್‌ಬಾಕ್ಸ್ ಸಜ್ಜು ಮಾಡುವ ಬಗೆ

ಮಿರಗದ ಮಳೆ ಬಿದ್ದ ಮರುದಿನ ಎರಿ ಹೊಲದ ಬಂಡಿದಾರಿಯಲ್ಲಿ ಆಟೊಮ್ಯಾಟಿಕ್ ಗಾಡಿ ಹೂತಿತು ಅನ್ನಿ. ಕಾಲು ತಾನಾಗಿಯೇ ಎಕ್ಸಲರೇಟರ್ ಮೇಲೆ ಹೋಗುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಅಲುಗುವುದಿಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದೀಪವೂ ಹೊತ್ತುವುದಿಲ್ಲ. ಅಷ್ಟರೊಳಗೆ ಗೇರ್‌ಬಾಕ್ಸಿನ ಆಯಿಲ್ 120 ಡಿಗ್ರಿ ದಾಟಿರುತ್ತದೆ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಓಡಿಸುವ ಆಟೊಮ್ಯಾಟಿಕ್ ಫೋರ್‌ವೀಲ್ ಗಾಡಿಗೆ ಮೊದಲು ಮಾಡಿಸಬೇಕಾದ ಕೆಲಸವೆಲ್ಲ ಈ ಬಿಸಿಯನ್ನು ಹೊರಹಾಕುವುದಕ್ಕೇ ಸಂಬಂಧಿಸಿದ್ದು. ಲಿಫ್ಟ್ ಕಿಟ್, ದೊಡ್ಡ ಟೈರು, ಲೈಟ್ ಬಾರ್ ಆಮೇಲೆ ನೋಡೋಣ.

ಇಲ್ಲಿ ಹೇಳುವುದು ಮುಖ್ಯವಾಗಿ ಮಾರುತಿ ಜಿಮ್ನಿಯ 4 ಸ್ಪೀಡ್ ಆಟೊಮ್ಯಾಟಿಕ್‌ಗೆ. ಮಹೀಂದ್ರಾ ಥಾರ್‌ನ 6 ಸ್ಪೀಡ್‌ಗೂ ಬಹುಪಾಲು ಹೊಂದುತ್ತದೆ, ಯಾಕಂದರೆ ಎರಡೂ ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್‌ಗಳೇ. ಎಎಂಟಿ (ಮ್ಯಾನ್ಯುವಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವಂಥದು), ಸಿವಿಟಿ (ಗೇರಿನ ಬದಲು ಬೆಲ್ಟಿನಿಂದ ನಡೆಯುವಂಥದು) ಗಾಡಿಗಳ ಲೆಕ್ಕವೇ ಬೇರೆ, ಅವಕ್ಕೆ ಇದನ್ನು ಹಚ್ಚಬೇಡಿ.

ಬಿಸಿ ಹುಟ್ಟುವುದು ಎಲ್ಲಿ

ಮ್ಯಾನ್ಯುವಲ್ ಜಿಮ್ನಿಯ ಮೊದಲ ಗೇರ್ ಅನುಪಾತ 4.425. ಆಟೊಮ್ಯಾಟಿಕ್‌ನದು 2.875. ಅಂಕಿ ದೊಡ್ಡದಾದಷ್ಟೂ ಗಾಲಿಗೆ ಬಲ ಹೆಚ್ಚು. ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (ನಿಧಾನ ಓಟದ ಗೇರ್) ಎರಡಕ್ಕೂ 2.002. ಗುಣಿಸಿದರೆ ಮ್ಯಾನ್ಯುವಲ್‌ಗೆ 8.86, ಆಟೊಮ್ಯಾಟಿಕ್‌ಗೆ 5.76. ಆಕ್ಸಲ್‌ನ ಗೇರ್ ಲೆಕ್ಕ ಸೇರಿಸಿದರೂ ಈ ಅಂತರ ಪೂರ್ತಿ ಮುಚ್ಚುವುದಿಲ್ಲ. ಕೊರತೆಯನ್ನು ತುಂಬಿಕೊಡುವುದು ಟಾರ್ಕ್ ಕನ್ವರ್ಟರ್: ಒಳಗೆ ಆಯಿಲ್ ಕಡೆಯುತ್ತ, ಗಾಡಿ ನಿಂತಲ್ಲಿಂದ ಕೀಳುವ ಹೊತ್ತಿನಲ್ಲಿ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತದೆ. ಬಿಟ್ಟಿಯಾಗಿ ಅಲ್ಲ. ಇಂಜಿನ್ ತಿರುಗುತ್ತಿದ್ದು ಗಾಲಿ ತಿರುಗದಿದ್ದರೆ ಇಂಜಿನ್ನಿನ ಶಕ್ತಿಯೆಲ್ಲ ಆಯಿಲ್ ಕಾಯಿಸಲು ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ. ಒಟ್ಟು 6 ಲೀಟರ್ ಆಯಿಲ್ ಇರುವ ಗೇರ್‌ಬಾಕ್ಸ್ ಎಂದುಕೊಳ್ಳಿ. ತೂಕ ಸುಮಾರು 5 ಕಿಲೊ. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 10 ಕಿಲೋಜೂಲ್ ಸಾಕು. ಇಂಜಿನ್ 20 ಕಿಲೋವಾಟ್ ಸುರಿಯುತ್ತಿದ್ದರೆ ಸೆಕೆಂಡಿಗೆ 2 ಡಿಗ್ರಿ. ಸುತ್ತಲಿನ ಲೋಹ ಒಂದಿಷ್ಟು ನುಂಗಿಕೊಂಡರೂ 90ರಲ್ಲಿದ್ದ ಆಯಿಲ್ ಅರ್ಧ ನಿಮಿಷದೊಳಗೆ 120 ಮುಟ್ಟುತ್ತದೆ. ಸ್ಟಾಲ್ ಟೆಸ್ಟ್ (ಬ್ರೇಕ್ ಹಿಡಿದು, ಗೇರಿನಲ್ಲಿಟ್ಟು ಎಕ್ಸಲರೇಟರ್ ತುಳಿಯುವ ಪರೀಕ್ಷೆ) ಮಾಡುವಾಗ 5 ಸೆಕೆಂಡಿಗಿಂತ ಹೆಚ್ಚು ತುಳಿಯಬೇಡಿ ಎಂದು ಸರ್ವಿಸ್ ಕೈಪಿಡಿಗಳು ಹೇಳುವುದು ಇದಕ್ಕೇ.

ನಮ್ಮ ಎರಿ ಮಣ್ಣು ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಮರಳಿನಲ್ಲಿ ಗಾಲಿ ಸುಳ್ಳೇ ಸುತ್ತುತ್ತದೆ. ಎರಿಯಲ್ಲಿ ಹಾಗಲ್ಲ, ಮಣ್ಣು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆ ಹಿಟ್ಟಿನ ಮುದ್ದೆಯಂತೆ ತುಂಬಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆಟೊಮ್ಯಾಟಿಕ್‌ಗೆ ಇದಕ್ಕಿಂತ ಕೆಟ್ಟ ಭಾರ ಇಲ್ಲ.

ಮೊದಲು ಮೀಟರ್ ಹಾಕಿಸಿ

ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್ ಕೊಳ್ಳುವ ಮುಂಚೆ ಉಷ್ಣತೆ ತೋರಿಸುವ ಮೀಟರ್ ಬೇಕು. ಈಗಿನ ಬಿಸಿ ಎಷ್ಟೆಂದು ಗೊತ್ತಿಲ್ಲದಿದ್ದರೆ ಕೂಲರ್ ಕೆಲಸ ಮಾಡಿತೋ ಇಲ್ಲವೋ ಹೇಳುವುದು ಹೇಗೆ?

ಸುಲಭದ ದಾರಿ ಓಬಿಡಿ ಸಾಕೆಟ್ಟಿಗೆ (ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಸಾಕೆಟ್) ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲಿ ನೋಡುವುದು. ಆದರೆ ಗೇರ್‌ಬಾಕ್ಸ್ ಉಷ್ಣತೆಯ ಕೋಡ್ ಕಂಪನಿಯಿಂದ ಕಂಪನಿಗೆ ಬೇರೆ, ಎಲ್ಲ ಆ್ಯಪ್‌ಗಳೂ ಓದುವುದಿಲ್ಲ. ಆ್ಯಪ್ ತೋರಿಸುತ್ತಿರುವುದು ಇಂಜಿನ್ ಕೂಲಂಟ್‌ನದೋ (ಇಂಜಿನ್ ತಣಿಸುವ ದ್ರವ) ಗೇರ್‌ಬಾಕ್ಸಿನದೋ ಖಾತ್ರಿ ಮಾಡಿಕೊಳ್ಳಿ. ಬೆಳಿಗ್ಗೆ ಗಾಡಿ ಚಾಲೂ ಮಾಡಿ ಪಾರ್ಕ್‌ನಲ್ಲೇ ಬಿಟ್ಟರೆ ಕೂಲಂಟ್ ಬೇಗ ಏರುತ್ತದೆ, ಗೇರ್‌ಬಾಕ್ಸ್ ಆಯಿಲ್ ನಿಧಾನಕ್ಕೆ. ಎರಡು ಅಂಕಿ ಒಟ್ಟೊಟ್ಟಿಗೆ ಏರಿದರೆ ಅದು ಕೂಲಂಟೇ.

ಗಟ್ಟಿ ದಾರಿ ಪ್ರತ್ಯೇಕ ಸೆನ್ಸರ್. ಗೇರ್‌ಬಾಕ್ಸಿನಿಂದ ಹೊರಬರುವ ಬಿಸಿ ಪೈಪಿಗೆ ಟಿ (T) ಆಕಾರದ ಒಂದು ಕೂಡುಪೈಪ್ ಜೋಡಿಸಿ ಅದರಲ್ಲಿ ಸೆನ್ಸರ್ ತಿರುಗಿಸಿ ಕೂಡಿಸುತ್ತಾರೆ. ಇಲ್ಲಿ ಅಂಕಿ ಬೇಗ ಏರಿ ಬೇಗ ಇಳಿಯುತ್ತದೆ, ಕನ್ವರ್ಟರ್ ಈ ಗಳಿಗೆ ಏನು ಮಾಡುತ್ತಿದೆ ಎಂದು ತೋರಿಸುತ್ತದೆ. ಆಯಿಲ್ ಪ್ಯಾನಿನಲ್ಲಿ ಹಾಕಿದರೆ ಒಟ್ಟು ಆಯಿಲ್‌ನ ಉಷ್ಣತೆ ಸಿಗುತ್ತದೆ, ಅಂಕಿ ನಿಧಾನ. ಆಫ್‌ರೋಡಿಗೆ ಪೈಪಿನದೇ ವಾಸಿ.

80ರಿಂದ 95 ಡಿಗ್ರಿ ಇದ್ದರೆ ಚಿಂತೆ ಇಲ್ಲ. 110 ಆದರೆ ಕಾಲು ಎತ್ತಿ. 120ಕ್ಕೆ ಗಾಡಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಇಂಜಿನ್ ಮಾತ್ರ ಆರಿಸಬೇಡಿ. ಆರಿಸಿದರೆ ಆಯಿಲ್ ಪಂಪ್ ನಿಲ್ಲುತ್ತದೆ, ಬಿಸಿ ಆಯಿಲ್ ಕೂಲರಿಗೆ ಹೋಗದೆ ಕನ್ವರ್ಟರಿನಲ್ಲೇ ಕೂತುಬಿಡುತ್ತದೆ. ಐಡಲ್‌ನಲ್ಲೇ 90ಕ್ಕೆ ಇಳಿಯುವವರೆಗೆ ಬಿಡಿ. 80 ದಾಟಿದ ಮೇಲೆ ಪ್ರತಿ 10-11 ಡಿಗ್ರಿ ಏರಿಕೆಗೆ ಆಯಿಲ್ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನವರ ಹಳೆಯ ಅಂದಾಜು.

ಆಯಿಲ್ ಬದಲಿಸುವುದು

ಸೆಕೆಂಡ್‌ಹ್ಯಾಂಡ್ ಗಾಡಿಯಾದರೆ ಇಲ್ಲಿಂದಲೇ ಶುರು ಮಾಡಿ. ಡ್ರೇನ್ ಪ್ಲಗ್ ಬಿಚ್ಚಿದರೆ ಪ್ಯಾನಿನದಷ್ಟೇ ಇಳಿಯುತ್ತದೆ, ಕನ್ವರ್ಟರಿನದು ಒಳಗೇ ಉಳಿಯುತ್ತದೆ. 6 ಲೀಟರಿನಲ್ಲಿ ಎರಡೂವರೆ ಲೀಟರ್ ಇಳಿಯಿತು ಅನ್ನಿ. ಇಳಿದಷ್ಟನ್ನೇ ಅಳೆದು ಹೊಸದು ಹಾಕಿ, 20 ಕಿಲೋಮೀಟರ್ ಓಡಿಸಿ, ಮತ್ತೆ ಇಳಿಸಿ. ಹೀಗೆ ಮೂರು ಸಲ ಮಾಡಿದರೆ ಹಳೆಯದು ಸುಮಾರು ಶೇಕಡಾ 20 ಮಾತ್ರ ಉಳಿಯುತ್ತದೆ. ಏಳೂವರೆ ಲೀಟರ್ ಹೊಸ ಆಯಿಲ್ ಬೇಕು, ಎಂಟು ತಂದಿಟ್ಟುಕೊಳ್ಳಿ.

ಆಯಿಲ್ ಕೈಪಿಡಿಯಲ್ಲಿ ಹೇಳಿದ ಗ್ರೇಡಿನದೇ ಇರಲಿ. ‘ಎಲ್ಲಾ ಆಟೊಮ್ಯಾಟಿಕ್‌ಗೂ ನಡೀತದ’ ಎನ್ನುವ ಡಬ್ಬಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರ ಘರ್ಷಣೆಯ ಗುಣ ಬೇರೆಯಾದರೆ ಲಾಕಪ್ ಕ್ಲಚ್ (ಓಟದಲ್ಲಿ ಕನ್ವರ್ಟರ್ ಜಾರದಂತೆ ಹಿಡಿಯುವ ಕ್ಲಚ್) ಹಿಡಿಯುವಾಗ ಗಾಡಿ ಖಡಖಡ ನಡುಗುತ್ತದೆ, ದಾರಿಯಲ್ಲಿ ಉಬ್ಬುತಗ್ಗು ಹಾಯ್ದ ಹಾಗೆ.

ಪ್ಯಾನ್ ಇಳಿಸಿದಾಗ ಒಳಗಿನ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಕೂಲರ್, ಅಡಿತಟ್ಟೆ ಎಲ್ಲ ಬದಿಗಿಟ್ಟು ಗೇರ್‌ಬಾಕ್ಸ್ ತೋರಿಸಿ. ಆಯಿಲ್ ಕಂದಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಉರಿದಿವೆ. ಸ್ಟ್ರಾಬೆರಿ ಹಾಲಿನ ಬಣ್ಣವಾದರೆ ನೀರು ಹೊಕ್ಕಿದೆ. ಪ್ಯಾನ್ ಬೋಲ್ಟ್‌ಗಳು ಸಣ್ಣವು, ಟಾರ್ಕ್ ರೆಂಚ್ ಇಲ್ಲದೆ ಬಿಗಿಯಬೇಡಿ. ಟ್ರ್ಯಾಕ್ಟರ್ ಬೋಲ್ಟ್ ಬಿಗಿದ ಕೈಗೆ ಇವುಗಳ ಅಂದಾಜು ಸಿಗುವುದಿಲ್ಲ, ಪ್ಯಾನಿನ ಅಂಚು ಬಾಗಿ ಸೋರಲು ಶುರುವಾಗುತ್ತದೆ.

ಡಿಪ್‌ಸ್ಟಿಕ್ ಇರುವ ಗೇರ್‌ಬಾಕ್ಸ್ ಆದರೆ ಆಯಿಲ್ ಕಾದ ಮೇಲೆ ಅಳೆಯಿರಿ: ಗಾಡಿ ಸಮತಟ್ಟಾದ ಜಾಗದಲ್ಲಿ, ಬ್ರೇಕ್ ತುಳಿದು ಲಿವರನ್ನು ಪಿ ಇಂದ ಎಲ್ ತನಕ ಒಂದೊಂದರಲ್ಲೂ ಎರಡು ಸೆಕೆಂಡ್ ನಿಲ್ಲಿಸಿ ವಾಪಸ್ ಪಿ ಗೆ ತಂದು, ಇಂಜಿನ್ ಓಡುತ್ತಿರುವಾಗಲೇ. ಡಿಪ್‌ಸ್ಟಿಕ್ ಇಲ್ಲದವುಗಳಲ್ಲಿ ಓವರ್‌ಫ್ಲೋ ಪ್ಲಗ್ ಇರುತ್ತದೆ. ಕೈಪಿಡಿ ಹೇಳಿದ ಉಷ್ಣತೆಯಲ್ಲಿ ತೆಗೆದಾಗ ಹನಿಹನಿಯಾಗಿ ಬೀಳಬೇಕು. ಹೆಚ್ಚು ತುಂಬುವುದೂ ತಪ್ಪು. ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆ ಒತ್ತಡ ಹಿಡಿಯುವುದಿಲ್ಲ, ಕ್ಲಚ್ ಜಾರುತ್ತದೆ.

ಕೂಲರ್

ಕಂಪನಿ ಕೊಟ್ಟ ಕೂಲರನ್ನು ತೆಗೆಯಬೇಡಿ. ಅದರ ಮುಂದಕ್ಕೆ ಇನ್ನೊಂದನ್ನು ಸಾಲಿನಲ್ಲಿ ಜೋಡಿಸಬೇಕು: ಗೇರ್‌ಬಾಕ್ಸ್, ಕಂಪನಿ ಕೂಲರ್, ಹೊಸ ಕೂಲರ್, ಮತ್ತೆ ಗೇರ್‌ಬಾಕ್ಸ್. ಈ ಕ್ರಮ ತಪ್ಪಿಸಿದರೆ ಹೊಸ ಕೂಲರ್ ತಣಿಸಿದ ಆಯಿಲನ್ನು ಕಂಪನಿ ಕೂಲರಿನ ಕಾದ ಕೂಲಂಟ್ ಮತ್ತೆ ಬಿಸಿ ಮಾಡುತ್ತದೆ.

ಕೊಳ್ಳುವಾಗ ಸ್ಟ್ಯಾಕ್ಡ್ ಪ್ಲೇಟ್ ನಮೂನೆಯದು ಕೊಳ್ಳಿ, ಸುಮಾರು 28 ಸೆಂಟಿಮೀಟರ್ ಉದ್ದ, 15ರಿಂದ 19 ಸೆಂಟಿಮೀಟರ್ ಎತ್ತರ. ಪೈಪ್ ಸುತ್ತಿ ರೆಕ್ಕೆ ಬಡಿದ ಹಳೆ ನಮೂನೆ ಅಗ್ಗ, ಆದರೆ ಅಷ್ಟೇ ಜಾಗದಲ್ಲಿ ಅದು ತಣಿಸುವುದು ಕಡಿಮೆ. ಕಲಬುರಗಿಯಲ್ಲಿ ಸಿಗದಿದ್ದರೆ ಸೊಲ್ಲಾಪುರ ಇಲ್ಲವೇ ಹೈದರಾಬಾದ್‌ನಿಂದ ತರಿಸಿಕೊಳ್ಳಿ.

ಹೋಸ್ ವಿಷಯದಲ್ಲಿ ಇಲ್ಲಿ ಆಗುವ ತಪ್ಪು ಒಂದೇ. ಜೆಸಿಬಿ, ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ಹೋಸ್ ಪ್ರೆಸ್ ಮಾಡಿಕೊಡುವ ಅಂಗಡಿಗಳು ಈ ಭಾಗದಲ್ಲಿ ಬೇಕಾದಷ್ಟಿವೆ, ಕೈಕೆಲಸವೂ ಅಚ್ಚುಕಟ್ಟು. ಆದರೆ ಅವರು ಕೊಡುವ ಮಾಮೂಲಿ ಆರ್1, ಆರ್2 ಹೋಸ್ ಒತ್ತಡಕ್ಕೆ ಹೇಳಿ ಮಾಡಿಸಿದ್ದು, ಉಷ್ಣತೆಗೆ 100 ಡಿಗ್ರಿಯೇ ಅದರ ಮಿತಿ. ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇದ್ದು ಒಳಗಿನ ರಬ್ಬರ್ ಮೊದಲು ಗಡುಸಾಗಿ ಬಿರಿಯುತ್ತದೆ. 125 ಡಿಗ್ರಿಗಿಂತ ಮೇಲೆ ತಾಳುವ ಟ್ರಾನ್ಸ್‌ಮಿಷನ್ ಆಯಿಲ್ ಹೋಸನ್ನೇ ಕೇಳಿ ಪಡೆಯಿರಿ. ಒಳವ್ಯಾಸ ಗಾಡಿಯ ಪೈಪಿಗೆ ತಕ್ಕಂತೆ 8 ಅಥವಾ 10 ಮಿಲಿಮೀಟರ್, ಉದ್ದ ಮೂರು ಮೀಟರ್ ತಂದರೆ ಉಳಿಯುತ್ತದೆ.

ಕೆಲಸದ ಕ್ರಮ ಹೀಗೆ.

1. ಗಾಡಿ ಪೂರ್ತಿ ತಣ್ಣಗಿರಲಿ. ಮುಂದಿನ ಗ್ರಿಲ್, ಬಂಪರ್ ಬಿಚ್ಚಿ.

2. ಎರಡು ಪೈಪಿನಲ್ಲಿ ವಾಪಸ್ ಹೋಗುವುದು ಯಾವುದೆಂದು ಪತ್ತೆ ಹಚ್ಚಿ. ತಣ್ಣಗಿನ ಗಾಡಿ ಚಾಲೂ ಮಾಡಿ ಒಂದೆರಡು ನಿಮಿಷಕ್ಕೆ ಎರಡನ್ನೂ ಮುಟ್ಟಿ ನೋಡಿದರೆ ಮೊದಲು ಬೆಚ್ಚಗಾಗುವುದು ಹೊರಬರುವ ಪೈಪ್. ಅನುಮಾನವಿದ್ದರೆ ಒಂದು ಕೊನೆ ಬಿಚ್ಚಿ ಬಾಟಲಿಗೆ ಹಿಡಿದು, ಪಾರ್ಕ್‌ನಲ್ಲಿ ಎರಡೇ ಸೆಕೆಂಡ್ ಇಂಜಿನ್ ಓಡಿಸಿ. ಹೆಚ್ಚು ಹೊತ್ತು ಬಿಟ್ಟರೆ ಪಂಪ್ ಒಣಗುತ್ತದೆ.

3. ಕೂಲರನ್ನು ಎಸಿ ಕಂಡೆನ್ಸರ್ ಮುಂದೆ ಸುಮಾರು 10 ಮಿಲಿಮೀಟರ್ ಸಂದು ಬಿಟ್ಟು ಕೂಡಿಸಿ. 25×3 ಎಂಎಂ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಸಿ ಬಾಡಿಯ ಅಡ್ಡಪಟ್ಟಿಗೆ ಬೋಲ್ಟ್ ಹಾಕಿ, ನಡುವೆ ರಬ್ಬರ್ ವಾಷರ್ ಇರಲಿ. ಕೂಲರ್ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ರೆಕ್ಕೆಗಳ ನಡುವೆ ತೂರಿಸಿ ಕಟ್ಟಬೇಡಿ. ಮಡ್ಡಿಯ ಕುಲುಕಾಟಕ್ಕೆ ಅವು ಉಜ್ಜಿ ಉಜ್ಜಿ ಕಂಡೆನ್ಸರ್ ತೂತು ಬೀಳುತ್ತದೆ, ಮೇ ತಿಂಗಳಲ್ಲಿ ಎಸಿ ಕೈಕೊಡುತ್ತದೆ.

4. ಪೈಪ್ ಬಾಯಿ ಮೇಲಕ್ಕೆ ಅಥವಾ ಪಕ್ಕಕ್ಕೆ ಇರಲಿ. ಕೆಳಕ್ಕೆ ಮಾಡಿದರೆ ಮೇಲೆ ಗಾಳಿ ಸಿಕ್ಕಿಬೀಳುತ್ತದೆ.

5. ಕತ್ತರಿಸಿದ ಲೋಹದ ಪೈಪಿನ ತುದಿಗೆ ಉಬ್ಬು ಬಡಿಸಿ, ಹೋಸ್ ಕನಿಷ್ಠ 25 ಮಿಲಿಮೀಟರ್ ಒಳಕ್ಕೆ ತೂರಿಸಿ, ಒಳಮೈ ನುಣುಪಾಗಿರುವ ಕ್ಲಾಂಪ್ ಹಾಕಿ. ಹಲ್ಲು ಕೊರೆದ ಮಾಮೂಲಿ ಕ್ಲಾಂಪ್ ರಬ್ಬರನ್ನು ಕಡಿಯುತ್ತದೆ.

6. ಹೋಸ್ ಎಲ್ಲೂ ಸೈಲೆನ್ಸರ್ ಪೈಪಿನ ಹತ್ತಿರ ಸುಳಿಯಬಾರದು. ಚೂಪು ಅಂಚು ದಾಟುವಲ್ಲಿ ಹಳೆ ಹೋಸನ್ನೇ ಸೀಳಿ ಕವಚ ಮಾಡಿ.

7. ಹೊಸ ಕೂಲರ್, ಹೋಸ್ ತುಂಬಿಕೊಳ್ಳಲು ಅರ್ಧ ಲೀಟರ್ ಆಯಿಲ್ ಹೆಚ್ಚಿಗೆ ಹಾಕಿ, ಐದು ನಿಮಿಷ ಐಡಲ್ ಬಿಟ್ಟು, ಸೋರಿಕೆ ನೋಡಿ, ಮೇಲೆ ಹೇಳಿದಂತೆ ಮಟ್ಟ ಅಳೆಯಿರಿ.

ಆಫ್‌ರೋಡಿನಲ್ಲಿ ಗಾಡಿ ನಡೆಯುವುದು ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ, ಗ್ರಿಲ್‌ಗೆ ಗಾಳಿ ತಾನಾಗಿ ನುಗ್ಗುವುದಿಲ್ಲ. ಹಾಗಾಗಿ ಫ್ಯಾನ್ ಬೇಕು. ಕೂಲರಿಗೆ ಒಂದು 12 ವೋಲ್ಟ್ ಫ್ಯಾನ್, 30 ಆಂಪಿಯರ್ ರಿಲೇ, 15 ಆಂಪಿಯರ್ ಫ್ಯೂಸ್, 2.5 ಚದರ ಮಿಲಿಮೀಟರ್ ವೈರ್, 85 ಡಿಗ್ರಿಗೆ ಕೂಡುವ ಥರ್ಮೋ ಸ್ವಿಚ್. ಕೈಯಿಂದ ಹಾಕುವ ಸ್ವಿಚ್ ಕೂಡ ಇಡುತ್ತಾರೆ. ಅದನ್ನು ನೀರಿಗಿಳಿಯುವ ಮುಂಚೆ ಆರಿಸಲು ಬಳಸಿ, ಇಲ್ಲದಿದ್ದರೆ ರೆಕ್ಕೆ ನೀರಿಗೆ ಬಡಿದು ಮುರಿಯುತ್ತದೆ. ಚಳಿಗಾಲಕ್ಕೆಂದು ಥರ್ಮೋಸ್ಟಾಟ್ ಬೈಪಾಸ್ (ಆಯಿಲ್ ಕಾಯುವವರೆಗೆ ಕೂಲರಿಗೆ ಬಿಡದ ವಾಲ್ವ್) ಹಾಕಿಸಬೇಕೆ ಎಂದು ಕೇಳುವವರಿದ್ದಾರೆ. ಡಿಸೆಂಬರಿನ ಬೀದರ್ ಬೆಳಗು 10 ಡಿಗ್ರಿಗಿಳಿದರೂ ಅರ್ಧ ತಾಸಿನ ಓಟಕ್ಕೆ ಆಯಿಲ್ ಕಾಯುತ್ತದೆ. ಕಂಪನಿ ಕೂಲರ್ ಉಳಿಸಿಕೊಂಡಿದ್ದರೆ ಬೈಪಾಸ್ ಬೇಡ.

ಡಿಸೆಂಬರ್, ಜನವರಿಯ ಇನ್ನೊಂದು ಸಂಗತಿ ನೆನಪಿರಲಿ. ಅದು ತೊಗರಿ ರಾಶಿಯ ಕಾಲ. ರಾಶಿ ಮಷೀನಿನ ಹಿಂದೆ ದಾರಿ ತುಂಬ ಹೊಟ್ಟು ಹಾರುತ್ತಿರುತ್ತದೆ, ಅದು ಕೂಲರಿಗೂ ಕಂಡೆನ್ಸರಿಗೂ ನಡುವಿನ ಸಂದಿನಲ್ಲಿ ಹೋಗಿ ಕಂಬಳಿಯಂತೆ ಕೂತುಕೊಳ್ಳುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಮೀಟರಿನ ಅಂಕಿ ಸುಮ್ಮಸುಮ್ಮನೆ ಹತ್ತು ಡಿಗ್ರಿ ಏರಿದರೆ ಮೊದಲು ಅಲ್ಲಿ ಟಾರ್ಚ್ ಬಿಟ್ಟು ನೋಡಿ. ಇಂಜಿನ್ ಕಡೆಯಿಂದ ಹೊರಕ್ಕೆ ಮಾಮೂಲಿ ನಲ್ಲಿ ನೀರು ಬಿಟ್ಟು ತೊಳೆಯಿರಿ, ಪ್ರೆಷರ್ ವಾಷರ್ ರೆಕ್ಕೆಗಳನ್ನು ಮಲಗಿಸಿಬಿಡುತ್ತದೆ.

ಬ್ರೀದರ್ ಪೈಪ್

ಗೇರ್‌ಬಾಕ್ಸ್, ಆಕ್ಸಲ್‌ಗಳ ಒಳಗಿನ ಗಾಳಿ ಹೋಗಿಬರುವ ಕಿಂಡಿಯೇ ಬ್ರೀದರ್. ಕಾಗಿಣಾ ನದಿ ದಾಟುವಾಗಲೋ ಭೀಮೆಯ ದಂಡೆಯಲ್ಲೋ ಕಾದ ಗೇರ್‌ಬಾಕ್ಸ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಹೊರಗಿನದನ್ನು ಎಳೆದುಕೊಳ್ಳಬೇಕು, ಬ್ರೀದರ್ ಬಾಯಿ ನೀರಿನಲ್ಲಿದ್ದರೆ ನೀರನ್ನೇ ಎಳೆಯುತ್ತದೆ. ಕ್ಲಚ್ ಪ್ಲೇಟಿನ ಮೇಲಿನ ಘರ್ಷಣೆಯ ಪದರವನ್ನು ಅಂಟಿನಿಂದ ಕೂಡಿಸಿರುತ್ತಾರೆ, ನೀರು ಆ ಅಂಟನ್ನು ಸಡಿಲಿಸುತ್ತದೆ. ಒಂದೆರಡು ಲೋಟ ನೀರು ಇಡೀ ಗೇರ್‌ಬಾಕ್ಸ್ ಬಿಚ್ಚಿಸಬಹುದು. ಮ್ಯಾನ್ಯುವಲ್‌ನಲ್ಲಾದರೆ ಆಯಿಲ್ ಬದಲಿಸಿ ಪಾರಾಗುವ ಆಸ್ಪದ ಹೆಚ್ಚು.

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಹೀಗೆ ನಾಲ್ಕು ಬ್ರೀದರ್. ನಾಲ್ಕಕ್ಕೂ 6 ಅಥವಾ 8 ಎಂಎಂ ಒಳವ್ಯಾಸದ, ಆಯಿಲ್ ತಾಳುವ ಹೋಸ್ ಹಾಕಿ ಬಾನೆಟ್ ಒಳಗೆ ಫೈರ್‌ವಾಲ್‌ನ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ಮೇಲ್ಭಾಗಕ್ಕೆ ತನ್ನಿ. ಹಿಂದಿನ ಆಕ್ಸಲಿನದು ಸಸ್ಪೆನ್ಷನ್ ಪೂರ್ತಿ ಇಳಿದಾಗಲೂ ಎಳೆಯದಷ್ಟು ಸಡಿಲ ಇರಲಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು ಬೇರೆಯೇ ಇರಲಿ, ಆಕ್ಸಲಿನ ಪೈಪಿಗೆ ಕೂಡಿಸಬೇಡಿ: ಗೇರ್ ಆಯಿಲ್‌ನ ಹಬೆ, ಹನಿ ಇದರೊಳಗೆ ಬರಬಾರದು. ಹೋಸ್ ಉದ್ದಕ್ಕೂ ಏರುತ್ತಲೇ ಹೋಗಬೇಕು. ನಡುವೆ ತೂಗಿ ತಗ್ಗು ಬಿದ್ದರೆ ಅಲ್ಲಿ ತೇವ ಕೂತು ದಾರಿ ಕಟ್ಟುತ್ತದೆ. ಕೊನೆಗೆ ಒಂದು ಸಣ್ಣ ಫಿಲ್ಟರ್. ಮುಗಿದ ಮೇಲೆ ಒಂದೊಂದನ್ನೂ ಬಾಯಿಂದ ಊದಿ ನೋಡಿ, ತಡೆ ಇಲ್ಲದೆ ಹೋಗಬೇಕು.

ನೀರಿಗೆ ಇಳಿಯದವರಿಗೂ ಈ ಕೆಲಸ ಬೇಕು. ಎರಿ ಮಣ್ಣು ಬ್ರೀದರ್ ಟೊಪ್ಪಿಗೆಯ ಸುತ್ತ ಮೆತ್ತಿ ಒಣಗಿದರೆ ಇಟ್ಟಿಗೆಯಾಗುತ್ತದೆ. ಒಳಗಿನ ಗಾಳಿ ಕಾದು ಹಿಗ್ಗಿ, ಹೋಗಲು ದಾರಿ ಇಲ್ಲದೆ ಸೀಲಿನಿಂದ ಆಯಿಲ್ ತಳ್ಳುತ್ತದೆ. ಸೀಲ್ ಕೆಟ್ಟಿದೆ ಎಂದು ಎರಡು ಸಲ ಸೀಲ್ ಬದಲಿಸಿದರೂ ಸೋರುವ ಗಾಡಿಯ ಬ್ರೀದರ್ ಬಿಚ್ಚಿ ನೋಡಿ.

ಥಾರ್‌ಗೆ ಕಂಪನಿ 650 ಮಿಲಿಮೀಟರ್ ನೀರಿನ ಆಳ ಹೇಳಿದೆ. ಅದು ನಿಂತ ನೀರಿನ ಮಾತು. ಮಳೆಗಾಲದ ಹಳ್ಳ ಅರ್ಧ ಮೀಟರ್ ಇದ್ದರೂ ಸೆಳವಿಗೆ ಗಾಡಿಯನ್ನು ಹೊತ್ತೊಯ್ಯುತ್ತದೆ, ಬ್ರೀದರ್ ಪೈಪ್ ಅದಕ್ಕೆ ಉತ್ತರವಲ್ಲ.

ಅಡಿತಟ್ಟೆ ಮತ್ತು ಟೈರು

ಶಹಾಬಾದ್ ಕಡೆಯ ಹಾಸುಗಲ್ಲಿನ ಅಂಚು, ಯಾದಗಿರಿ, ಶಹಾಪುರದ ಗುಂಡುಗಲ್ಲು ಎರಡೂ ಗೇರ್‌ಬಾಕ್ಸ್ ಪ್ಯಾನನ್ನು ಬಿಡುವುದಿಲ್ಲ. 4 ಎಂಎಂ ಉಕ್ಕು ಇಲ್ಲವೇ 6 ಎಂಎಂ ಅಲ್ಯೂಮಿನಿಯಂ ತಟ್ಟೆ ಸಾಕು. ಪ್ಯಾನಿಗೂ ತಟ್ಟೆಗೂ 25 ಮಿಲಿಮೀಟರ್ ಸಂದು, ಡ್ರೇನ್ ಪ್ಲಗ್‌ಗೆ ತೂತು, ಗಾಳಿಗೆ ಉದ್ದನೆಯ ಸೀಳು. ಫ್ರೇಮಿಗೆ ಹೊಸ ತೂತು ಕೊರೆಯದೆ ಇರುವ ತೂತುಗಳಿಗೇ ಕೂಡಿಸಲಿ. ಸೀಳಿಲ್ಲದ ತಟ್ಟೆಯ ಮೇಲೆ ರಾಡಿ ತುಂಬಿ ಒಣಗಿದರೆ ಗೇರ್‌ಬಾಕ್ಸಿಗೆ ರಜಾಯಿ ಹೊದಿಸಿದಂತೆ, ಕೂಲರ್ ಹಾಕಿ ಗಳಿಸಿದ್ದು ಅಲ್ಲಿಗೆ ಹೋಯಿತು.

ಜಿಮ್ನಿಯ 195/80 ಆರ್15 ಟೈರಿನ ವ್ಯಾಸ 693 ಮಿಲಿಮೀಟರ್. 215/75 ಆರ್15 ಹಾಕಿದರೆ 704, ವ್ಯತ್ಯಾಸ ಶೇಕಡಾ ಎರಡರೊಳಗೆ. 235/75 ಆರ್15 ಆದರೆ 734, ಶೇಕಡಾ 6 ಹತ್ತಿರ. ಅಷ್ಟೂ ಗೇರ್ ಅನುಪಾತದಿಂದ ಕಳೆದಂತೆ, ಕನ್ವರ್ಟರ್ ಅಷ್ಟು ಹೆಚ್ಚು ಜಾರುತ್ತದೆ. ಮೊದಲೇ ಗೇರ್ ಅನುಪಾತ ಕಡಿಮೆಯಿರುವ ಆಟೊಮ್ಯಾಟಿಕ್‌ಗೆ 215ರಲ್ಲೇ ನಿಲ್ಲುವುದು ಲೇಸು. ಎತ್ತರದ ಟೈರು ಬೇಕೇ ಬೇಕೆಂದರೆ ಟ್ರಾನ್ಸ್‌ಫರ್ ಕೇಸಿಗೆ ಅನುಪಾತ ಇನ್ನೂ ಹೆಚ್ಚಿರುವ ಗೇರ್ ಸೆಟ್ ಹಾಕಿಸಬೇಕು, ಖರ್ಚು ದೊಡ್ಡದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿ ಬರೆದದ್ದು ಬದಲಾಗುವಂಥ ಮಾರ್ಪಾಟನ್ನು ತಡೆಯುತ್ತದೆ. ವಾರಂಟಿ ಇರುವ ಗಾಡಿಯಾದರೆ ಕೂಲರ್ ಹಾಕಿಸುವ ಮುಂಚೆಯೂ ವಾರಂಟಿ ಕಾಗದ ಓದಿ.

ವಾಲ್ವ್ ಬಾಡಿ ಮುಟ್ಟಬೇಡಿ

ಆಯಿಲ್ ಒತ್ತಡದಿಂದ ಗೇರ್ ಬದಲಿಸುವ ವಾಲ್ವ್‌ಗಳ ಕಟ್ಟೇ ವಾಲ್ವ್ ಬಾಡಿ. ಗೇರ್ ಬದಲಾಗುವ ಬಗೆಯನ್ನು ಮಾರ್ಪಡಿಸುವ ಶಿಫ್ಟ್ ಕಿಟ್, ಲಾಕಪ್ ಕ್ಲಚ್ಚನ್ನು ಸ್ವಿಚ್‌ನಿಂದ ಹಿಡಿಸುವ ಕಿಟ್ ಎಂದು ಹೊರದೇಶಗಳ ದೊಡ್ಡ ಗಾಡಿಗಳಿಗೆ ಸಿಗುತ್ತವೆ. ಒಂದೂವರೆ ಲೀಟರ್ ಇಂಜಿನ್ನಿನ ಗಾಡಿಗೆ ಇವುಗಳಿಂದ ಸಿಗುವ ಲಾಭ ಕಡಿಮೆ. ಲಾಕಪ್ ಕ್ಲಚ್ ಭಾರ ಎಳೆಯಲು ಮಾಡಿದ್ದಲ್ಲ, ತಗ್ಗು ವೇಗದಲ್ಲಿ ಬಲವಂತಕ್ಕೆ ಹಿಡಿಸಿದರೆ ಅದೇ ಉರಿಯುತ್ತದೆ. ವಾಲ್ವ್ ಬಾಡಿಯ ಸಂದುಗಳು ಎಷ್ಟು ಸಣ್ಣವೆಂದರೆ ರಸ್ತೆ ಬದಿಯ ಶೆಡ್ಡಿನಲ್ಲಿ ಬಿಚ್ಚಿದಾಗ ಹೊಕ್ಕ ಒಂದು ಧೂಳಿನ ಕಣಕ್ಕೆ ವಾಲ್ವ್ ಸಿಕ್ಕಿಕೊಳ್ಳಬಹುದು. ಜಿಪ್ಸಿಯನ್ನು ಕಣ್ಣುಮುಚ್ಚಿ ಬಿಚ್ಚಿ ಕೂಡಿಸುವ ಮಿಸ್ತ್ರಿಗಳು ಇಲ್ಲಿದ್ದಾರೆ. ಆಕ್ಸಲ್, ಫ್ರೇಮ್, ತಟ್ಟೆಯ ಕೆಲಸ ಅವರ ಕೈಗೇ ಕೊಡಿ, ಇದನ್ನು ಬೇಡ.

ಓಡಿಸುವಾಗ

ಮಡ್ಡಿ, ರಾಡಿ, ಮರಳು ಯಾವುದೇ ಇರಲಿ, ನಿಧಾನಕ್ಕೆ ಹೋಗುವಲ್ಲಿ 4ಎಲ್ (ನಾಲ್ಕು ಗಾಲಿ, ಲೋ ರೇಂಜ್) ಹಾಕಿ, ಲಿವರ್ ಎಲ್‌ನಲ್ಲಿ ಅಥವಾ 2ರಲ್ಲಿ ಇಡಿ. 4ಎಚ್‌ನಲ್ಲೇ (ನಾಲ್ಕು ಗಾಲಿ, ಹೈ ರೇಂಜ್) ಹತ್ತುತ್ತದಲ್ಲ ಎನಿಸಬಹುದು. ಹತ್ತುತ್ತದೆ, ಆದರೆ ಲೋ ರೇಂಜಿನಲ್ಲಿ ಕನ್ವರ್ಟರಿನ ಮೇಲಿನ ಭಾರ ಅರ್ಧವಾಗುತ್ತದೆ, ಮೀಟರ್ ಅದನ್ನು ತಕ್ಷಣ ತೋರಿಸುತ್ತದೆ. ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ವಾಪಸ್ ತುಂಬಲು ಪಂಪ್ ಜೊತೆಗಿರಲಿ.

ಹೂತ ಗಾಡಿಯನ್ನು ಡಿ, ಆರ್, ಡಿ, ಆರ್ ಎಂದು ತೂಗಿಸುವ ಚಟವೇ ಈ ಗೇರ್‌ಬಾಕ್ಸ್‌ಗಳನ್ನು ಹೆಚ್ಚು ತಿನ್ನುವುದು. ಗಾಲಿ ಮುಂದಕ್ಕೆ ಸುತ್ತುತ್ತಿರುವಾಗ ಆರ್ ಹಾಕಿದರೆ ರಿವರ್ಸ್ ಕ್ಲಚ್ ಆ ಸುತ್ತನ್ನು ನಿಲ್ಲಿಸುವ ಬ್ರೇಕ್ ಆಗಬೇಕಾಗುತ್ತದೆ. ಬ್ರೇಕ್ ತುಳಿದು ಗಾಲಿ ಪೂರ್ತಿ ನಿಲ್ಲಿಸಿ, ಎರಡು ಎಣಿಸಿ, ಆಮೇಲೆ ಲಿವರ್. ಮೂರು ಪ್ರಯತ್ನಕ್ಕೆ ಬರದಿದ್ದರೆ ಇಳಿದು ಮಡ್‌ಗಾರ್ಡಿನೊಳಗಿನ ಎರಿ ಕೆತ್ತಿ ತೆಗೆಯಿರಿ. ಸಲಿಕೆ ಇದಕ್ಕೆ ದೊಡ್ಡದಾಗುತ್ತದೆ, ಕುರ್ಪಿ ಸರಿ.

ಟ್ರ್ಯಾಕ್ಟರ್ ಕರೆಸಿದರೆ ಎಳೆಯುವಾಗ ನಿಮ್ಮ ಇಂಜಿನ್ ಓಡುತ್ತಿರಲಿ, ಲಿವರ್ ನ್ಯೂಟ್ರಲ್‌ನಲ್ಲಿ. ಇಂಜಿನ್ ಆರಿದ ಆಟೊಮ್ಯಾಟಿಕ್‌ನಲ್ಲಿ ಪಂಪ್ ಓಡುವುದಿಲ್ಲ, ರಸ್ತೆಯ ಮೇಲೆ ಊರವರೆಗೆ ಎಳೆಸಿಕೊಂಡು ಹೋದರೆ ಒಳಗಿನ ಬುಷ್‌ಗಳು ಒಣಗಿ ಸವೆಯುತ್ತವೆ. ಕೆಟ್ಟ ಗಾಡಿಯನ್ನು ಟ್ರಕ್ಕಿಗೆ ಏರಿಸಿಯೇ ಒಯ್ಯಬೇಕು. ತಳ್ಳಿ ಚಾಲೂ ಮಾಡಲಂತೂ ಆಗದು, ಹಾಗಾಗಿ ಜಂಪ್ ಕೇಬಲ್ ಮರೆಯಬೇಡಿ.

ಮೊದಲ ಪರೀಕ್ಷೆಗೆ ಪರವಾನಗಿ ಪಡೆದ ಹೊಲವೋ ಮಡ್ಡಿಯೋ ಇರಲಿ. ಚಿಂಚೋಳಿ ಕಾಡು ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ದಾರಿ ಬಿಟ್ಟು ಇಳಿಯುವಂತಿಲ್ಲ. ಹುಮನಾಬಾದ್ ರಸ್ತೆಯಲ್ಲಿ 20 ಕಿಲೋಮೀಟರ್ ಓಡಿಸಿ ಒಂದು ಅಂಕಿ, 4ಎಲ್‌ನಲ್ಲಿ ಹತ್ತು ನಿಮಿಷ ಏರು ಹತ್ತಿಸಿ ಇನ್ನೊಂದು ಅಂಕಿ, ಹೊರಗಿನ ಬಿಸಿಲೆಷ್ಟು ಎಂಬುದನ್ನೂ ಸೇರಿಸಿ ಬರೆದಿಡಿ. ಕೂಲರ್ ಹಾಕುವ ಮುಂಚಿನ ಅಂಕಿಯೂ ಅದೇ ಹಾಳೆಯಲ್ಲಿದ್ದರೆ ಹೋಲಿಸಲು ಸುಲಭ.

ನೀರು ಹಾಯ್ದು ಬಂದ ದಿನ ಗಾಡಿ ತೊಳೆಯುವ ಮುಂಚೆಯೇ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕೆಂಪು ಕಲೆಯ ಸುತ್ತ ನೀರಿನ ಉಂಗುರ ಬಿಟ್ಟರೆ, ಅಥವಾ ಬಣ್ಣ ಗುಲಾಬಿಯಾಗಿ ಮಸುಕಾಗಿದ್ದರೆ ಮತ್ತೆ ಚಾಲೂ ಮಾಡಬೇಡಿ. ಟ್ರಾನ್ಸ್‌ಫರ್ ಕೇಸ್, ಎರಡೂ ಆಕ್ಸಲ್‌ಗಳ ಡ್ರೇನ್ ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿ ನೋಡಿ. ನೀರು ಭಾರ, ರಾತ್ರಿಯೆಲ್ಲ ನಿಂತ ಗಾಡಿಯಾದರೆ ಮೊದಲ ಹನಿಯಲ್ಲೇ ಅದು ಬರುತ್ತದೆ.